ಅಪ್ಪನ ಬಾಯಿಗೆ ಒಂದು ತುತ್ತು

ನನ್ನ ಅಣ್ಣ ಮರುದುತ್ ಕುಡಿತ ಬಿಟ್ಟು ಆರು ವರ್ಷವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ಅವನನ್ನು ಕಪಟಿ ಅಂದುಕೊಳ್ಳುತ್ತಾರೆ. ಅವನು ಕಪಟಿಯಲ್ಲ. ಕಪಟ ಮಾಡುವಷ್ಟು ಬುದ್ಧಿ ಅವನಿಗಿದ್ದಿದ್ದರೆ ನಮ್ಮ ಮನೆ ಈ ಗತಿಗೆ ಬರುತ್ತಿರಲಿಲ್ಲ.

ಅವನು ಪೊರ್ಸೆಯಾ ಪೇಟೆಯಿಂದ ಲಗುಬೋಟಿ ಊರಿಗೆ ಮಿನಿಬಸ್ಸು ಓಡಿಸುತ್ತಾನೆ. ಆಗೆಲ್ಲ ಬೆಳಗ್ಗೆ ಎರಡು ಟ್ರಿಪ್ಪು ಮುಗಿಸಿದರೆ ಮಧ್ಯಾಹ್ನದಿಂದ ಹೆಂಡದಂಗಡಿ. ಕೈಯಲ್ಲಿ ಗಿಟಾರು, ಮುಂದೆ ಹೆಂಡದ ಜಗ್ಗು. ದನಿ ಮಾತ್ರ ದೇವರೇ ಕೊಟ್ಟದ್ದು. ಆ ದನಿ ಕೇಳುವುದಕ್ಕೆ ಜನ ತಾವೇ ಕುಡಿಸುತ್ತಿದ್ದರು, ಪುಣ್ಯಾತ್ಮರು.

ಅಪ್ಪ ನಮ್ಮ ಹಳೇ ಚರ್ಚಿನಲ್ಲಿ ಮೂವತ್ತು ವರ್ಷ ಸಭೆಯ ಹಿರಿಯನಾಗಿದ್ದವನು. ಭಾನುವಾರ ಕರಿ ಕೋಟು ತೊಟ್ಟು ಕಾಣಿಕೆ ಚೀಲ ಹಿಡಿಯುತ್ತಿದ್ದ. ಅದರ ಹಿಂದಿನ ಸಂಜೆ ಅದೇ ಕೈಯಲ್ಲಿ ಮಗನನ್ನು ಗದ್ದೆಯ ಬದುವಿನಿಂದ ಎತ್ತಿ ತಂದು, ಕಾಲು ತೊಳೆದು ಮಲಗಿಸಿರುತ್ತಿದ್ದ. ಬೈಯುವ ಕೆಲಸ ನನ್ನದು. ಗಂಡ ಸತ್ತ ಮೇಲೆ ತವರಿಗೆ ಬಂದು, ಸಂತೆಯಲ್ಲಿ ಮೀನು ಮಾರಿಕೊಂಡು ಅಪ್ಪನ ಜೊತೆ ಇದ್ದವಳು ನಾನು.

"ಹಂದಿಗಾದ್ರೂ ಮನೆ ದಾರಿ ಗೊತ್ತಿರುತ್ತೆ," ಅನ್ನುತ್ತಿದ್ದೆ.

"ಬಂದಿದ್ದಾನಲ್ಲ ರೋತುವಾ, ಸಾಕು ಬಿಡು," ಅನ್ನುತ್ತಿದ್ದ ಅಪ್ಪ.

ಒಂದು ದಿನ ಅಣ್ಣ ಕುಡಿದು ಬಸ್ಸನ್ನು ಗದ್ದೆಗೆ ಇಳಿಸಿದ. ತರಕಾರಿ ಮಾರುವ ಹೆಂಗಸೊಬ್ಬಳ ಕೈ ಮುರಿಯಿತು. ಅತ್ತಿಗೆ ಲಾಮ್ರಿಯಾ ಮಕ್ಕಳನ್ನು ಕಟ್ಟಿಕೊಂಡು ಹೊರಟೇಹೋದಳು. ವಾರ ಬಿಟ್ಟು ಅವಳೇ ತಿರುಗಿ ಬಂದು, ಅವನ ಅಂಗಿ ಹಿಡಿದು ಎಳೆದುಕೊಂಡು ಹೋದದ್ದು ಪೊರ್ಸೆಯಾದ ಟೈರ್ ಅಂಗಡಿಯ ಮಹಡಿಯಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ. ಅಲ್ಲಿ ಎಡಿಸನ್ ಎಂಬ ಪಾಸ್ಟರ್ ತಲೆಯ ಮೇಲೆ ಕೈಯಿಟ್ಟರಂತೆ. ಇವನು ನೆಲಕ್ಕೆ ಬಿದ್ದ, ಅತ್ತ, ವಾಂತಿ ಮಾಡಿಕೊಂಡ, ಎದ್ದು ನೀರು ಕೇಳಿದ. ಅಷ್ಟೇ. ಆಮೇಲೆ ಒಂದು ತೊಟ್ಟು ಮುಟ್ಟಲಿಲ್ಲ. ನಾನು ನಂಬಲಿಲ್ಲ. ಒಂದು ತಿಂಗಳು ಏನಾದರೊಂದು ನೆಪ ತೆಗೆದು ಅವನ ಬಾಯಿ ಮೂಸಿದೆ. ಬರೀ ಕಾಫಿ ವಾಸನೆ. ಆ ಹೆಂಗಸಿನ ಮನೆಗೆ ಹೋಗಿ, ಕೈ ಕೂಡಿಕೊಳ್ಳುವವರೆಗೂ ಅವಳ ತರಕಾರಿ ಮೂಟೆಯನ್ನು ತಾನೇ ಹೊತ್ತ. ದೇವರು ಇದ್ದಾನೆ ಅಂತ ನಾನು ಆ ಚರ್ಚು ಈ ಚರ್ಚು ಎಲ್ಲ ಕಡೆ ಕೇಳಿದ್ದೆ. ಕಣ್ಣಾರೆ ಕಂಡದ್ದು ಆಗಲೇ.

ಆದರೆ ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ.

ಮನೆಯಲ್ಲಿ ಒಂದು ಉಲೊಸ್ ಇತ್ತು. ಅಮ್ಮ ಮೊದಲ ಸಲ ಬಸಿರಾದಾಗ ತವರಿನವರು ಹೆಗಲಿಗೆ ಹೊದಿಸಿ ಹರಸಿದ ಕೈಮಗ್ಗದ ಹೊದಿಕೆ. ಆ ಬಸಿರೇ ಮರುದುತ್. ಅವನನ್ನೂ ಆಮೇಲೆ ನನ್ನನ್ನೂ ಅಮ್ಮ ಅದರಲ್ಲೇ ಬೆನ್ನಿಗೆ ಕಟ್ಟಿಕೊಂಡು ನಾಟಿಗೆ ಹೋದದ್ದು. ಅವಳು ತೀರಿಕೊಂಡ ಮೇಲೆ ಅಪ್ಪ ಚಳಿ ಬೆಳಗಿನಲ್ಲಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬೈಬಲ್ ಓದುತ್ತಿದ್ದ. ಹಳೇ ಉಲೊಸ್‌ಗಳಲ್ಲಿ ಪೂರ್ವಿಕರ ಆತ್ಮಗಳು ಕೂತಿರುತ್ತವೆ, ಕುಡಿತದ ದೆವ್ವ ಮನೆಗೆ ಬರುವುದು ಆ ದಾರಿಯಲ್ಲೇ ಅಂತ ಪಾಸ್ಟರ್ ಕೂಟದಲ್ಲಿ ಹೇಳಿದರಂತೆ. ಅಪ್ಪ ಹಿರಿಯರ ಸಭೆಗೆ ಹೋಗಿದ್ದ ಹೊತ್ತು, ನಾನು ಸಂತೆಯಲ್ಲಿದ್ದ ಹೊತ್ತು, ಆಗಲೇ ಹೆಂಡತಿ ಮಕ್ಕಳೊಂದಿಗೆ ಬೇರೆ ಮನೆ ಮಾಡಿದ್ದ ಅಣ್ಣ ಬಂದು ಪೆಟ್ಟಿಗೆ ತೆಗೆದು ಅದನ್ನು ಹಿತ್ತಲಿನ ಡ್ರಮ್ಮಿನಲ್ಲಿ ಸುಟ್ಟ. ಸುಟ್ಟು ಓಡಿಹೋಗಲಿಲ್ಲ. ಅಪ್ಪ ಬರುವವರೆಗೂ ಕಾದು, ಮುಖ ಅರಳಿಸಿಕೊಂಡು ತಾನೇ ಹೇಳಿದ.

"ಅಪ್ಪಾ, ಈ ಮನೆಗೆ ಬಿಡುಗಡೆ ಆಯ್ತು!"

ಅಪ್ಪ ಹಿತ್ತಲಿಗೆ ಹೋದ. ಡ್ರಮ್ಮಿನೊಳಗೆ ಕೈಯಿಟ್ಟು ಬೂದಿಯನ್ನು ಮುಟ್ಟಿದ. ಇನ್ನೂ ಬಿಸಿಯಿತ್ತು. ಆಮೇಲೆ ಹೇಳಿದ: "ನೀನು ಕುಡಿದಾಗಲೇ ಒಳ್ಳೆಯವನಾಗಿದ್ದೆ."

ಅದೇ ಕೊನೆ. ಕುಡಿದು ಬಂದವನಿಗೆ ಹದಿನೈದು ವರ್ಷ ಬಾಗಿಲು ತೆಗೆದ ಅಪ್ಪ, ನೆಟ್ಟಗೆ ನಡೆದು ಬಂದವನಿಗೆ ಬಾಗಿಲು ಹಾಕಿದ. ಅಣ್ಣ ಪ್ರತಿ ಕ್ರಿಸ್ಮಸ್‌ಗೆ ಬಂದು ಅಂಗಳದಲ್ಲಿ ನಿಂತು ಹೋಗುತ್ತಿದ್ದ. ತಾನು ಸುಟ್ಟದ್ದು ದೆವ್ವವನ್ನಲ್ಲ, ಅಮ್ಮನನ್ನು ಅಂತ ಅವನಿಗೆ ಅರ್ಥವಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಅರ್ಥವಾದ ಮೇಲೆ ಮಾಡುವುದೇನು? ಬೂದಿಯನ್ನು ಯಾರು ನೇಯುತ್ತಾರೆ? ನನ್ನದು ಬಿಸಿತುಪ್ಪದ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈ ವರ್ಷ ಭತ್ತ ಕೊಯ್ಯುವ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು. ಎಡಗಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ದಿನಕ್ಕೆರಡು ಸಲ ನನ್ನ ಕೈಯಿಂದ ನಾಲ್ಕು ಚಮಚ ಗಂಜಿ ಕುಡಿಯುತ್ತಿದ್ದ. "ನುಂಗೋದು ಯಾವಾಗ ಬೇಕಾದ್ರೂ ನಿಲ್ಲಬಹುದು. ಮಾಡೋದೇನಿದ್ರೂ ಬೇಗ ಮಾಡಿ," ಅಂದಳು ನರ್ಸಮ್ಮ.

ಮಾಡಬೇಕಾದ್ದು ಒಂದೇ. ನಮ್ಮಲ್ಲಿ ಹೋಗುವ ಹಿರಿಯರಿಗೆ ಮಕ್ಕಳು ನೆಂಟರ ಎದುರಿಗೆ ಕೈಯಾರೆ ಉಣಿಸಿ ತಪ್ಪೊಪ್ಪಿಕೊಳ್ಳಬೇಕು. ಹಿರಿಮಗನ ತುತ್ತು ಮೊದಲು. ಅದು ಒಳಗೆ ಹೋದರೆ ಹರಸಿದ ಹಾಗೆ. ಹೋಗದಿದ್ದರೆ ಆ ಮಗ ಸಾಯುವವರೆಗೂ ಊರು ಅದನ್ನು ಮರೆಯುವುದಿಲ್ಲ.

ಅಣ್ಣ ಸಂತೆಗೇ ಬಂದ. ಮೀನಿನ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ನಾನು ಬರ್ತೀನಿ ಇತೊ," ಅಂದ. ನಮ್ಮಲ್ಲಿ ಅಣ್ಣ ತಂಗಿ ಹಾಗೇ ಕರೆದುಕೊಳ್ಳುವುದು.

"ನಿಮ್ಮ ಪಾಸ್ಟರ್ ಬಿಡ್ತಾರಾ? ಇದೂ ದೆವ್ವದ ಊಟ ಅಲ್ವಾ?"

"ಬೇಡ ಅಂದ್ರು. ಬರ್ತೀನಿ." ಅಂಗೈ ನೋಡಿಕೊಂಡ. "ದೇವರು ಕ್ಷಮಿಸಿದ್ದಾನೆ, ಅದು ನಂಗೊತ್ತು. ಆದ್ರೆ ಅಪ್ಪ ಬಾಯಿ ಮುಚ್ಚಿಕೊಂಡೇ ಹೋಗಿಬಿಟ್ರೆ ನಾನು ಮತ್ತೆ ಆ ಹೆಂಡದಂಗಡಿ ಬೆಂಚಿಗೇ ಹೋಗಿ ಕೂತ್ಕೋತೀನಿ. ಬಸ್ಸು ಅದರ ಮುಂದೆ ಹೋಗುವಾಗ ಈಗಲೂ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗುತ್ತೆ ಕಣೆ. ಆರು ವರ್ಷ ಆದ್ರೂ."

"ಶನಿವಾರ ಬಾ," ಅಂದೆ.

ಶನಿವಾರ ಬೆಳಗ್ಗೆ ಮೂರು ಮೀನು ಇಡಿಯಾಗಿ ಬೇಯಿಸಿದೆ. ಅರಿಸಿನ ಹಾಕಿ, ಅಪ್ಪನಿಗೆ ಇಷ್ಟ ಅಂತ ನಾಲಿಗೆ ಜುಮ್ಮೆನ್ನಿಸುವ ಕಾಡುಮೆಣಸು ಒಂದೆರಡೇ ಕಾಳು ಹಾಕಿ. ತಟ್ಟೆಯಲ್ಲಿ ಅನ್ನದ ಮೇಲೆ ಮೂರನ್ನೂ ತಲೆ ಅಪ್ಪನ ಕಡೆ ಮಾಡಿ ಸಾಲಾಗಿ ಇಟ್ಟೆ. ನೆಂಟರು ಚಾಪೆ ತುಂಬ ಕೂತರು. ಅಮ್ಮನ ತಮ್ಮ, ನಮ್ಮ ಸೋದರಮಾವ, ಒಂದು ಹೊಸ ಉಲೊಸ್ ತಂದು ಅಪ್ಪನ ಹೆಗಲಿಗೆ ಹೊದಿಸಿ ಅಣ್ಣನ ಕಡೆ ತಿರುಗಿದ.

"ಬೆಂಕಿಪೊಟ್ಟಣ ಮನೇಲಿ ಬಿಟ್ಟು ಬಂದಿದ್ದೀಯಾ ತಾನೇ?"

ಯಾರೋ ಕಿಸಕ್ಕೆಂದರು. ಅಣ್ಣ ತಲೆ ತಗ್ಗಿಸಿ ಮಂಡಿಯೂರಿದ. ಮುಳ್ಳು ಬಿಡಿಸಿ, ಅನ್ನದೊಂದಿಗೆ ಕಲಸಿ, ಗುಬ್ಬಿಗೆ ಕೊಡುವಷ್ಟು ತುತ್ತು ಮಾಡಿ ಅಪ್ಪನ ತುಟಿಗೆ ಹಿಡಿದ.

"ಅಪ್ಪಾ, ಅಮ್ಮನ ಬಟ್ಟೆ ಸುಟ್ಟೆ. ತಪ್ಪು ನಂದು. ದೇವರದ್ದಲ್ಲ, ನಂದು."

ಅಪ್ಪನ ತುಟಿ ಬಿಗಿದೇ ಇತ್ತು. ಅಣ್ಣ ಕಾದ. ಮೀನಿನ ರಸ ಗಲ್ಲದಿಂದ ಇಳಿದು ಹೊಸ ಉಲೊಸ್ ಮೇಲೆ ಬಿತ್ತು. ಇನ್ನೊಮ್ಮೆ ಹಿಡಿದ. ಎಡಗಣ್ಣು ಅವನನ್ನು ನೋಡುತ್ತಲೇ ಇತ್ತು, ತುಟಿ ಅಲ್ಲಾಡಲಿಲ್ಲ. ಅಗುಳು ಒಂದೊಂದಾಗಿ ಅಣ್ಣನ ಕೈಯಿಂದ ಉದುರಿದವು. ಮುಂದಿನ ಸರದಿ ನನ್ನದು.

ಅಣ್ಣನ ಮುಂದೆ ನುಗ್ಗಿ ಕೂತೆ. ಅವನಿಗೂ ಚಾಪೆಯವರಿಗೂ ನನ್ನ ಬೆನ್ನಷ್ಟೇ ಕಾಣುವ ಹಾಗೆ. ತುತ್ತು ಎತ್ತಿದೆ. ಅಪ್ಪ ಬಾಯಿ ತೆರೆದ.

ದಿನಾ ಗಂಜಿಗೆ ತೆರೆಯುವ ಹಾಗೆಯೇ ತೆರೆದ. ಹಸಿದಿದ್ದ. ನನ್ನ ಕೈ ಅಪ್ಪನ ಬಾಯಿಯಿಂದ ಎರಡು ಬೆರಳು ದೂರದಲ್ಲಿತ್ತು. ಬೆನ್ನ ಹಿಂದೆ ಅಣ್ಣನ ಉಸಿರು ಕೇಳುತ್ತಿತ್ತು. ಈ ತುತ್ತು ಒಳಗೆ ಹೋದರೆ ಅಪ್ಪ ಒಲ್ಲೆ ಅಂದದ್ದು ಅನ್ನವನ್ನಲ್ಲ, ಮಗನನ್ನು ಅಂತ ಇಡೀ ಊರಿಗೆ ಗೊತ್ತಾಗುತ್ತದೆ. ಅವನಿಗೂ ಗೊತ್ತಾಗುತ್ತದೆ. ಹೆಂಡದಂಗಡಿಯ ಬೆಂಚು ಮನೆಯಿಂದ ನೂರು ಹೆಜ್ಜೆ.

ತುತ್ತನ್ನು ತಟ್ಟೆಗೆ ಇಳಿಸಿದೆ. ಹೊಸ ಉಲೊಸ್‌ನ ಅಂಚಿನಿಂದ ಅಪ್ಪನ ಬಾಯಿ ಒರೆಸುವವಳ ಹಾಗೆ ಗಲ್ಲ ಹಿಡಿದು ಬಾಯಿ ಮುಚ್ಚಿಸಿದೆ.

"ನನ್ನ ಕೈಯಿಂದಾನೂ ಹೋಗ್ತಿಲ್ಲ," ಅಂದೆ ಗಟ್ಟಿಯಾಗಿ. "ಅಪ್ಪನಿಗೆ ನುಂಗೋಕೆ ಆಗ್ತಿಲ್ಲ. ನಿಂತುಹೋಗಿದೆ."

ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ಆ ಅಳುವಿನಲ್ಲಿ ಸಮಾಧಾನವೂ ಇತ್ತು, ನನಗೆ ಗೊತ್ತು. ಸೋದರಮಾವನೂ ಅವನ ಬೆನ್ನು ಸವರಿದ.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಬಿಸಿ ಗಂಜಿ ತಂದೆ. "ತಪ್ಪಾಯ್ತಪ್ಪ, ಈಗ ಕುಡಿ," ಅಂದೆ. ಅಪ್ಪ ತುಟಿ ಬಿಗಿದ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ನರ್ಸಮ್ಮ ಬಂದು ನೋಡಿ, "ನಾನು ಹೇಳಿರಲಿಲ್ವಾ, ನುಂಗೋದು ನಿಂತಿದೆ," ಅಂದಳು. ಮಂಗಳವಾರ ಅಪ್ಪ ಹೋದ.

ಅಣ್ಣ ಈಗಲೂ ಕುಡಿಯುವುದಿಲ್ಲ. ಟೈರ್ ಅಂಗಡಿಯ ಮಹಡಿಯಲ್ಲಿ ನಿಂತು ಸಾಕ್ಷಿ ಹೇಳುತ್ತಾನೆ: ಅಪ್ಪನಿಗೆ ಶಕ್ತಿ ಇದ್ದಿದ್ದರೆ ನನ್ನ ತುತ್ತು ತಿನ್ನುತ್ತಿದ್ದ. ಜನ ಸ್ತೋತ್ರ ಅನ್ನುತ್ತಾರೆ. ನಾನು ಕೊನೇ ಸಾಲಿನಲ್ಲಿ ಕೂತಿರುತ್ತೇನೆ. ಆ ಮೂರು ದಿನ ಅಪ್ಪನಿಗೆ ನುಂಗಲು ಆಗಲಿಲ್ಲವೋ, ನನ್ನ ಕೈಯ ಅನ್ನವೂ ಬೇಡವಾಯಿತೋ, ಯಾರನ್ನು ಕೇಳಲಿ? ಎಡಗಣ್ಣು ಕೊನೆಯವರೆಗೂ ತೆರೆದೇ ಇತ್ತು, ಆದರೆ ಅದು ಗೋಡೆಯನ್ನು ನೋಡುತ್ತಿತ್ತು.