ದೋಣಿಗೆ ನೀರು ಹಾಕುತ್ತಿದ್ದವನು

ಸುಳ್ಳಿರಬೇಕು...
ಮೆಸೇಜ್ ಓದಿ ಮೂರು ಸಲ ಫೋನ್ ಮಾಡಿದೆ.
ಮೂರನೇ ಸಲ ಎತ್ತಿದವಳು ಅವನ ಹೆಂಡತಿ ಹುಲಿಗೆವ್ವ.
“ಹೌದಪ್ಪಾ... ಮುಂಜಾನಿ ಹೋಗಿಬಿಟ್ರು.”

ಗೆಳೆಯರೇ, ನಮ್ಮ ಅಂಬಿಗರ ಫಕೀರಪ್ಪ ಇನ್ನಿಲ್ಲ.
ಕೊಟ್ಟೂರಿನ ಸೈಬರ್ ಕೆಫೆಯಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.
ಕೀಲಿಗಳನ್ನು ಕುಟ್ಟುತ್ತಿದ್ದೇನೆ...
ದುಃಖಕ್ಕಲ್ಲ. ಸಿಟ್ಟಿಗೆ.

ಬೆಳಗಿನಿಂದ ನಿಮ್ಮ ಕಾಮೆಂಟ್ ಓದುತ್ತಿದ್ದೇನೆ. “ಹೊಳೆಯ ಮಗ”, “ಮಹಾನ್ ಹೋರಾಟಗಾರ”...
ನಿಮ್ಮಲ್ಲಿ ಎಷ್ಟು ಜನ ಅವನ ದೋಣಿ ಮುಟ್ಟಿ ನೋಡಿದ್ದೀರಿ?

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೇಳಿ.
ಹಡಗಲಿ ಸೀಮೆಯ ಹೊಳೆದಂಡೆಯಲ್ಲಿ ಹರೆಯದಿಂದ ಜನರನ್ನು ಆಚೆ ದಡಕ್ಕೆ ದಾಟಿಸಿದವನು ಅವನು.
ದಿಬ್ಬಣ, ಬಾಣಂತಿ, ಕುರಿ, ಹೆಣ... ಎಲ್ಲ.
ಸೇತುವೆ ಬಂತು. ದೋಣಿ ಜಾಲಿಯ ಕೆಳಗೆ ಬೋರಲು ಬಿತ್ತು.

ಆಮೇಲೆ ಮರಳಿನ ಲಾರಿಗಳು ಬಂದವು.
ಹೊಳೆಯ ಹೊಟ್ಟೆ ಬಗೆದವು. ದಂಡೆಯ ಬಾವಿಗಳು ಬತ್ತಿದವು.
ನಾವು ಧರಣಿ ಕೂತೆವು, ಮನವಿ ಕೊಟ್ಟೆವು, ಫೋಟೋ ತೆಗೆಸಿಕೊಂಡೆವು.
ಫಕೀರಪ್ಪ ಅಂದದ್ದು ಇಷ್ಟೇ:
“ರಸ್ತಾದಾಗ ಕುಂತ್ರ ಹೊಳಿ ಏನ್ ಕಾಣ್ತೈತಿ? ಹೊಳ್ಯಾಗ ಹೋಗೂಣು.”

ದೀಪಾವಳಿ ಕಳೆದು ಮೂಡಗಾಳಿ ಬಿಟ್ಟಾಗ ಹಾಯಿ ಕಟ್ಟಿ, ಹರಿವಿಗೆ ಎದುರಾಗಿ ದಕ್ಷಿಣಕ್ಕೆ...
ತುಂಗೆ ಭದ್ರೆ ಸೇರುವ ಕೂಡಲಿಯವರೆಗೆ.
ದಂಡೆಯ ಊರೂರಲ್ಲಿ ನಿಲ್ಲುವುದು. ಒಂದೊಂದು ಮರಳುಗುಂಡಿಯನ್ನೂ ಬರೆದುಕೊಂಡು ಜನರ ಸಹಿ ಹಾಕಿಸುವುದು.
ಇದು ಅವನ ಪ್ಲಾನ್.

ಎರಡು ತಿಂಗಳು ದೋಣಿಯ ಹೊಟ್ಟೆಯೊಳಗೇ ಮಲಗೆದ್ದ.
ಕೊಳೆತ ಹಲಗೆ ಕಿತ್ತ. ಹರಪನಹಳ್ಳಿಯ ಕಟ್ಟಿಗೆ ಅಡ್ಡೆಯಿಂದ ಹೊಸದು ತಂದು ಜಡಿದ.
ಸಂದಿಗಳಿಗೆ ಹತ್ತಿ ತುರುಕಿ, ಎಣ್ಣೆಯಲ್ಲಿ ರಾಳ ಕಾಯಿಸಿ ಮೆತ್ತಿದ.
ಹುಲಿಗೆವ್ವ ನಮ್ಮ ಹಳೆಯ ಬಟ್ಟೆ ಬ್ಯಾನರುಗಳನ್ನೆಲ್ಲ ಜೋಡಿಸಿ ಹಾಯಿ ಹೊಲಿದಳು.
“ಇಷ್ಟ್ ವರ್ಷಕ್ಕ ನಿಮ್ ಬ್ಯಾನರು ಒಂದ್ ಕೆಲಸಕ್ಕ ಬಂದ್ವು ನೋಡ್ರಿ” ಅಂತ ಚುಚ್ಚಿದಳು.

ಗಾಳಿಗೆ ವಾಲದ ಹಾಗೆ ಹಾಯಿದೋಣಿಯ ತಳದಲ್ಲಿ ಭಾರ ಇಡಬೇಕು. ಅವನು ಕಲ್ಲು ಅಂದ.
ಕಲ್ಲು ಉರುಳಿ ಹಲಗೆಗೆ ಪೆಟ್ಟಾಗುತ್ತದೆ, ಮರಳು ಮೆತ್ತಗೆ ಕೂರುತ್ತದೆ ಅಂತ ಬುದ್ಧಿ ಹೇಳಿದವನು ನಾನು.
ಎಂಟು ಚೀಲ ತುಂಬಿದವನೂ ನಾನೇ...

ಹೊರಡುವ ಹಿಂದಿನ ದಿನ ಗಣಿ ಇಲಾಖೆಯ ಜೀಪು ಬಂತು.
ಅಕ್ರಮ ಮರಳು ಸಾಗಣೆಯಂತೆ. ದೋಣಿ ಸೀಜ್ ಅಂತೆ.
“ಮರಳು ಎಲ್ಲಿಂದ ತಂದಿ?”
“ಹೊಳ್ಯಾಗಿಂದರಿ ಸಾಹೇಬ್ರ.”
“ಎಲ್ಲಿಗೆ ಒಯ್ತಿದ್ದಿ?”
“ಹೊಳ್ಯಾಗರಿ.”
ನಿಂತವರೆಲ್ಲ ನಕ್ಕರು. ಪಂಚನಾಮೆಯಲ್ಲಿ ನಗು ಬರೆಯುವುದಿಲ್ಲ.

ಅದೇ ಹೊತ್ತಿಗೆ ಮರಳು ತುಂಬಿದ ಮೂರು ಲಾರಿ ಹಿಂದೆ ನಿಂತು ಹಾರನ್ ಹೊಡೆದವು.
ಜೀಪು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.
ಕಣ್ಣಾರೆ ನೋಡಿದ್ದೇನೆ. ಯಾರಾದರೂ ಸುಳ್ಳು ಅನ್ನಿ... ನನ್ನ ಎದುರು ಬಂದು ಅನ್ನಿ.

ದೋಣಿಯನ್ನು ಟ್ರೇಲರಿಗೆ ಹೇರಿ, ಹೊಳೆಯಿಂದ ಮೂರು ಮೈಲಿ ದೂರದ ಆಫೀಸಿನ ಅಂಗಳದ ಬಿಸಿಲಿಗೆ ಒಗೆದರು.
ಕೇಸು ಮುಗಿಯುವವರೆಗೆ ಅಲ್ಲೇ.

ಫಕೀರಣ್ಣಾ...
ಮರದ ದೋಣಿ ಒಣಗಿದರೆ ಹಲಗೆ ಕುಗ್ಗಿ ಸಂದಿ ಬಾಯಿ ಬಿಡುತ್ತದೆ, ಆಮೇಲೆ ಅದು ಸೌದೆ ಅಂತ ನಮಗೆ ಕಲಿಸಿದವನು ನೀನು.
ದಿನಾ ಸಂಜೆ ಸೈಕಲ್ಲಿಗೆ ಎರಡು ಕೊಡ ತೂಗಿಬಿಟ್ಟುಕೊಂಡು ಹೋದೆ.
ಆಫೀಸಿನ ನಲ್ಲಿ ಮುಟ್ಟಲು ಬಿಡಲಿಲ್ಲ ಅವರು. ರಸ್ತೆಯ ಬೋರಿನಿಂದ ಹೊತ್ತೆ.
ಹಲಗೆ ಹಲಗೆಗೂ ಕೈಯಾಡಿಸಿ ನೀರು ಕುಡಿಸಿದೆ.
ಎರಡು ಬೇಸಿಗೆ ಕಣಣ್ಣಾ... ಎರಡು ಬೇಸಿಗೆ!

“ಏನ್ ಯಜಮಾನ, ದೋಣಿ ಚಿಗುರ್ತೈತೇನು?” ಅಂತ ಗೇಟಿನವನು ಕೇಳಿದಾಗ ನೀನು ತಿರುಗಿಯೂ ನೋಡಲಿಲ್ಲ.
“ಚಿಗುರಾಂಗಿಲ್ಲಪ್ಪ. ಸಾಯಾಂಗಿಲ್ಲ. ಅಷ್ಟ ಸಾಕು.”

ನಾವು? ಮೊದಲ ವಾರ ಹತ್ತು ಜನ ಕೊಡ ಹಿಡಿದು ಬಂದೆವು. ಎರಡನೇ ವಾರ ನಾಲ್ಕು.
ಆಮೇಲೆ ನೀನೊಬ್ಬನೇ.
ಕೇಸಿನ ಫೈಲು ಮೇಜಿನಿಂದ ಮೇಜಿಗೆ ಹೋಯಿತು. ಹಿಡಿದ ಲಾರಿಗಳು ಸಂಜೆಯೊಳಗೆ ಬಿಡುಗಡೆಯಾದವು.
ನಿನ್ನ ದೋಣಿ ಮಾತ್ರ ಖೈದಿ.

ಮೊನ್ನೆ ನೀನು ಫೋನ್ ಮಾಡಿದೆ. ದನಿ ಜ್ವರಕ್ಕೆ ಒಡೆದಿತ್ತು.
“ನಾಕ್ ದಿನ ಆತು ತಮ್ಮಾ, ಏಳಾಕ ಆಗವಲ್ದು. ನೀ ಹೋಗಿ ಎರಡ್ ಕೊಡ ಹಾಕಿ ಬಾ.”
ನಾನು ಹರಪನಹಳ್ಳಿಯಲ್ಲಿದ್ದೆ. ಹೊಳೆ ಉಳಿಸುವುದರ ಮೇಲೆ ಭಾಷಣ ಮಾಡುವುದಿತ್ತು.
ನಾಳೆ ಹೋಗ್ತೀನಣ್ಣ ಅಂದೆ.
ಭಾಷಣಕ್ಕೆ ಚಪ್ಪಾಳೆ ಜೋರಾಗಿಯೇ ಬಿತ್ತು.
ನಿನ್ನೆಯೂ ಹೋಗಲಿಲ್ಲ...

ದೋಣಿ ಹಿಡಿದವರ ಮೇಲೆ ಉಗಿಯುತ್ತೇನೆ. ಲಾರಿಯವರ ಮೇಲೆ ಉಗಿಯುತ್ತೇನೆ.
ಆದರೆ ಆ ಉಗುಳಿನಲ್ಲಿ ನನ್ನ ಮುಖಕ್ಕೆ ಬೀಳಬೇಕಾದ್ದೂ ಇದೆ. ನಿಮ್ಮ ಮುಖಕ್ಕೂ.

ನಾಳೆ ಮಣ್ಣಿಗೆ ಬರುವವರು ಕೇಳಿ.
ಹಾರ ತರಬೇಡಿ. ಬ್ಯಾನರ್ ಬೇಡವೇ ಬೇಡ.
ಒಂದೊಂದು ಕೊಡ ತನ್ನಿ.
ಮಣ್ಣು ಮುಗಿಸಿ ನೇರ ಆ ಅಂಗಳಕ್ಕೆ. ಗೇಟು ಹಾಕಿದ್ದರೆ ಕಾಂಪೌಂಡಿನ ಮೇಲಿಂದ ಸುರಿಯೋಣ.
ಕೇಸು ಮುಗಿಯುವವರೆಗೆ ದಿನಾ ಒಬ್ಬೊಬ್ಬರ ಪಾಳಿ. ಹೆಸರನ್ನು ಈ ಪೋಸ್ಟಿನ ಕೆಳಗೆ ಬರೆಯಿರಿ. “ಓಂ ಶಾಂತಿ” ಬರೆಯುವ ಜಾಗದಲ್ಲಿ ಹೆಸರು ಬರೆಯಿರಿ.
ಸಂದಿ ಬಾಯಿ ಬಿಟ್ಟಿದ್ದರೂ ಕೆಲವೇ ದಿನ ಆಗಿರುತ್ತದೆ. ಇನ್ನೂ ಕೂಡಿಕೊಂಡೀತು.

ಹುಲಿಗೆವ್ವ ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದಳು.
“ನೀರ್ ಹಾಕಿ ಬಂದ್ಯೇನಪ್ಪಾ?”
ಬಸ್ಸಿಗೆ ಹೊರಟಿದ್ದೇನೆ. ಅವಳ ಮನೆಗೆ ಹೋಗುವ ಮುಂಚೆ ಆ ಬೋರಿನ ಹತ್ತಿರ ಇಳಿಯುತ್ತೇನೆ.

ಹೋಗಿ ಬಾ ಫಕೀರಣ್ಣಾ...
ನಿನ್ನ ಜೀವ ಹೊಳೆಯ ಮಡಿಲಲ್ಲಿ ತಣ್ಣಗಿರಲಿ.
ಕೊಡ ಇನ್ನು ನಮ್ಮ ಕೈಗೆ ಬಿಡು.