ಮುತ್ತಕ್ಕನ ಸೌತೆಬೀಜ

ನಾನು ಒಂದು ಹುಳವನ್ನೂ ಕೊಲ್ಲಲಿಲ್ಲ. ಮುತ್ತಕ್ಕನ ಸೌತೆಬಳ್ಳಿಯನ್ನು ಕೊಂದೆ. ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ಸೇರಿದ ಮರುವರ್ಷ. ಬಿಜೂರಿನಲ್ಲಿ ಭತ್ತ ಕೊಯ್ದ ಗದ್ದೆಗೆ ಎಲ್ಲರೂ ಸೌತೆ ಹಾಕಿದ್ದೆವು. ಎರಡೆಲೆ ಮೂಡುವುದರೊಳಗೆ ಕೆಂಪು ಹುಳ ಹಾಜರು — ಗಾತ್ರ ಅಕ್ಕಿಕಾಳಿನದು, ಹಸಿವು ಎತ್ತಿನದು. ಎಲೆಯನ್ನು ಜರಡಿ ಮಾಡಿಬಿಡುತ್ತಿತ್ತು. ಇಬ್ಬನಿ ಆರುವ ತನಕ ಅದು ಹಾರುವುದಿಲ್ಲ. ಆಗಲೇ ಹೆಕ್ಕಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು, ಎಲೆಗೆ ಒಲೆಯ ಬೂದಿ ಎರಚಬೇಕು. ಊರಿಗೆಲ್ಲ ಗೊತ್ತಿದ್ದ ಮದ್ದು.

ಆದರೆ ನನ್ನ ಹೆಂಡತಿ ಬಸುರಿ. ಬಸುರಿಯ ಗಂಡ ಜೀವ ತೆಗೆಯಬಾರದು ಎಂದು ಅಮ್ಮನ ಕಟ್ಟಪ್ಪಣೆ. ಹೆಕ್ಕಿದ ಹುಳವನ್ನು ಮಡಕೆಯಲ್ಲಿ ತುಂಬಿ ಹೊಳೆಯಾಚೆ ಬಿಟ್ಟು ಬರಬೇಕು. ಹುಳಕುಲದ ರಕ್ಷಕನಾಗಿ ನಾನು ಕೆಲವು ಬೆಳಗು ಹೊಳೆ ದಾಟಿದೆ. ಆಮೇಲೆ — ನೀರು ತಣ್ಣಗಿತ್ತು, ಅಷ್ಟೆ. ಬೇಲಿಯಾಚೆ ಮುತ್ತಕ್ಕನ ಸೌತೆ ಇತ್ತು. ಮಡಕೆಯ ಬಾಯಿಬಟ್ಟೆ ಬಿಚ್ಚಿ ಅಲ್ಲಿಯೇ ಕೊಡವಿದೆ. ಮರುದಿನವೂ. ಜೀವ ಉಳಿಸಿದ ಪುಣ್ಯ ನನಗೆ, ಎಲೆ ತಿಂದ ಪಾಪ ಹುಳಕ್ಕೆ — ಹಂಚಿಕೆ ನ್ಯಾಯವಾಗಿಯೇ ಕಂಡಿತು.

ಮುತ್ತಕ್ಕ ಒಂಟಿ ಹೆಂಗಸು. ಆ ಬೀಜ ಅವಳ ತಾಯಿಯ ಕಾಲದ್ದು, ಬೇರೆ ಯಾರಲ್ಲೂ ಇರಲಿಲ್ಲ. ಅದರ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಹಾಕಿದರೆ ಚೌತಿಯವರೆಗೂ ಕೊಳೆಯದು. ಮಳೆಗಾಲದಲ್ಲಿ ಅವಳ ಗಂಜಿಗೆ ಅದೇ ಆಸರೆ. ಅವಳೂ ಹುಳ ಹೆಕ್ಕಿದಳು, ಬೂದಿ ಎರಚಿದಳು. ಆದರೆ ನಾನು ಅವಳಿಗಿಂತ ಮೊದಲು ಏಳುತ್ತಿದ್ದೆ, ಅವಳು ಹೆಕ್ಕಿದ್ದಕ್ಕಿಂತ ಹೆಚ್ಚು ಕೊಡವುತ್ತಿದ್ದೆ.

ಒಂದು ದಿನ ಬೇಲಿಯ ಹತ್ತಿರ ಬಂದು ಕೇಳಿದಳು: "ಶೀನಾ, ನಿನ್ ಬಳ್ಳಿಗೂ ಹುಳ ಬಿತ್ತಾ?"

"ಇಲ್ಲೆ ಅಕ್ಕಾ. ನಮ್ಮಲ್ಲ್ ಒಂದೂ ಇಲ್ಲೆ."

ಆ ಹೊತ್ತಿಗೆ ಅದು ಸತ್ಯವೇ. ಎಲ್ಲವೂ ಅವಳಲ್ಲಿದ್ದವು.

ನನ್ನ ಹಸುರು ಬಳ್ಳಿಯನ್ನೇ ನೋಡುತ್ತ ನಿಂತಳು. "ಹಂಗಾರೆ ನನ್ ಅಬ್ಬಿ ಬೀಜವೇ ಹಾಳಾಯ್ತ್. ಹುಳಕ್ಕೂ ಗೊತ್ತಾತ್ತ್ ಕಾಣ್."

ತಾಯಿಯ ಬೀಜ ಕೆಟ್ಟಿತೆಂದು ನಂಬಿ ಮನೆಗೆ ಹೋದಳು. ಗೋಡೆಗೆ ಸಗಣಿಯಲ್ಲಿ ಮೆತ್ತಿಟ್ಟಿದ್ದ ಉಳಿದ ಬೀಜವನ್ನೂ ಕೆರೆದು ತಂದು, ಅಂಗಳದ ಬಚ್ಚಲೊಲೆಗೆ ಹಾಕಿದಳು. ನಾನು ಇನ್ನೂ ಬೇಲಿಯ ಹತ್ತಿರವೇ ಇದ್ದೆ. ಒಂದು ಮಾತು ಸಾಕಿತ್ತು — ಒಂದು ಕೂಗು —

ಸಂಜೆ ನನ್ನಲ್ಲಿ ಬೀಜ ಕೇಳಿದಳು. ದಾನಶೂರನಂತೆ ಬೊಗಸೆ ತುಂಬ ಕೊಟ್ಟೆ. ಅದರಲ್ಲಿ ಬಿಟ್ಟ ಕಾಯಿ ಆಷಾಢಕ್ಕೇ ಕೊಳೆಯಿತು, ಅವಳು ದೂರಲಿಲ್ಲ. ಹುಟ್ಟಿದ ನನ್ನ ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿದವಳೂ ಅವಳೇ.

ಮಗಳೀಗ ಹೈಸ್ಕೂಲು. ಮುತ್ತಕ್ಕ ಕೋಟೇಶ್ವರದಲ್ಲಿ ತಂಗಿಯ ಮನೆ ಸೇರಿದ್ದಾಳೆ. ಸೌತೆಯ ಮಾತು ಬಂದಾಗಲೆಲ್ಲ, ಅಬ್ಬಿ ಕೊಟ್ಟ ಬೀಜ ತನ್ನ ಕೈಯಲ್ಲಿ ಕೆಟ್ಟಿತು ಎಂದು ಇಂದಿಗೂ ಹೇಳುತ್ತಾಳಂತೆ.

ಈ ಭಾನುವಾರ ಬಸ್ಸು ಹತ್ತುತ್ತೇನೆ. ಬೀಜದಲ್ಲಿ ದೋಷವಿರಲಿಲ್ಲ, ಅವಳ ಕೈಯಲ್ಲೂ ಇರಲಿಲ್ಲ ಎಂದು ಹೇಳಬೇಕು. ಹಾಗಾದರೆ ಯಾರಲ್ಲಿ ಎಂದು ಅವಳು ಕೇಳಿದರೆ, ಅದನ್ನೂ ಹೇಳಬೇಕು. ಕೇಳದಿದ್ದರೂ.