ಒಡ್ಡಿನಲ್ಲಿ ಉಳಿದ ಶೂ

ಗದಗದ ಕಡೆಯ ಎರೆಹೊಲದಲ್ಲಿ ಬಿತ್ತನೆಗೆ ಮೊದಲೇ ಮಳೆನೀರು ನಿಂತಿತ್ತು. "ಕಣಿ ತೋಡಿ ನೀರು ಹೊರಗೆ ಬಿಡಿ" ಎಂದು, ಕೃಷಿ ಇಲಾಖೆಯಿಂದ ಹೊಲ ನೋಡಲು ಹೋಗಿದ್ದ ನಾನು ಹೊಲದ ಒಡತಿ ನಿಂಗವ್ವನಿಗೆ ಹೇಳಿದೆ. ದಕ್ಷಿಣ ಕನ್ನಡದ ಇಚಿಲಂಪಾಡಿಯ ನಮ್ಮ ತೋಟದಲ್ಲಿ ಮಳೆಗಾಲದ ಮೊದಲ ಕೆಲಸ ಅದೇ.

"ಬಿಟ್ರ ಹಿಂಗಾರಿ ಜೋಳಕ್ಕ ಏನ್ ಕುಡಸ್ಲಿರಿ, ಚಾ?" ಎಂದು ಅವಳು ನಕ್ಕಳು. ಈ ಕಪ್ಪು ಮಣ್ಣು ಈಗ ಕುಡಿದ ನೀರನ್ನು ಹಿಡಿದಿಟ್ಟು, ಮಳೆ ಹೋದ ಮೇಲೂ ಬೆಳೆಗೆ ಕೊಡುತ್ತದಂತೆ. ನಮ್ಮೂರ ಕೆಂಪು ಮುರಕಲ್ಲಿನ ಮಣ್ಣಿಗೆ ಅಷ್ಟು ತಾಳ್ಮೆಯಿಲ್ಲ. ನೀರು ಎಷ್ಟು ಆಳದವರೆಗೆ ಇಳಿಯುತ್ತದೆ ಎಂದು ಕೇಳುವಷ್ಟರಲ್ಲಿ, ನೀರು ತಡೆದಿದ್ದ ಒಡ್ಡಿನಲ್ಲಿ ಇಲಿಬಿಲವೊಂದು ಬಾಯಿಬಿಟ್ಟು ನೀರು ಹೊರಗೆ ನುಗ್ಗಿತು.

"ಅಕ್ಕಾರ, ಕಾಲ್ ಇಡ್ರಿ ಅಲ್ಲಿ! ನೀರು ಹೋದ್ರ ವರ್ಷದ ಬೆಳಿ ಹೋತು!" ಎಂದು ಕೂಗಿ ಅವಳು ಸಲಿಕೆ ತರಲು ಓಡಿದಳು.

ಇಸ್ತ್ರಿ ಮಾಡಿದ ಸೀರೆ ಎತ್ತಿ ಹಿಡಿದು, ಪಾಲಿಶ್ ಮಾಡಿದ ಶೂ ಸಮೇತ ಬಿಲಕ್ಕೆ ಕಾಲಿಟ್ಟೆ. ನೀರು ನಿಂತಿತು.

"ಎಂತ ಮೇಡಂ, ಊರಲ್ಲಿ ನೀರು ಬಿಡುದು, ಇಲ್ಲಿ ಕಟ್ಟುದಾ?" ಎಂದ ನಮ್ಮೂರ ಕಡೆಯ ಕಬಕದವನೇ ಆದ ನಮ್ಮ ಡ್ರೈವರ್ ಹಮೀದ್.

"ಮಾತು ಸಾಕು, ಮಣ್ಣು ತಾ."

ಅವನೂ ನಿಂಗವ್ವನೂ ನನ್ನ ಕಾಲಿನ ಸುತ್ತ ಮಣ್ಣು ಮೆತ್ತಿದ ಮೇಲೆ ಕಾಲು ಎಳೆದೆ. ಕಾಲು ಬಂತು, ಶೂ ಬರಲಿಲ್ಲ. ಬಗ್ಗಿ ಕೈ ಹಾಕಿದೆ.

"ತಗೀಬ್ಯಾಡ್ರಿ, ಮತ್ತ ತೂತು ಬೀಳ್ತದ!" ಎಂದಳು ನಿಂಗವ್ವ.

ಹಾಗಾಗಿ ಅವಳ ಜೋಳದಲ್ಲಿ ನನ್ನದೂ ಒಂದು ಪಾಲು ಉಂಟು. ಇನ್ನೊಂದು ಶೂವನ್ನು ನಾನು ಇಂದಿಗೂ ಪಾಲಿಶ್ ಮಾಡಿಯೇ ಇಟ್ಟಿದ್ದೇನೆ.